ಎಂಟು ತಿಂಗಳ ಮಗು ಹಿಂದಕ್ಕೇ ತೆವಳುತ್ತಿದೆ, ಮುಂದಕ್ಕೆ ಬರೋದು ಯಾವಾಗ?

ಪುಟ್ಟಿಅಮ್ಮ:
ಮಗಳಿಗೆ ಎಂಟು ತಿಂಗಳು ತುಂಬಿತು. ಎರಡೂ ಕಡೆ ಮಗುಚಿಕೊಳ್ಳುತ್ತಾಳೆ, ಕೂರಿಸಿದರೆ ಮುಂದೆ ಕೈ ಊರಿ ಕೂರುತ್ತಾಳೆ. ಈಗ ತೆವಳೋಕೆ ಶುರು ಮಾಡಿದ್ದಾಳೆ, ಆದರೆ ಹಿಂದಕ್ಕೆ! ಎದುರಿಗಿರೋ ಗಿಲಕಿಯನ್ನೇ ನೋಡ್ತಾ ಅಂಗೈ ಒತ್ತಿ ಒತ್ತಿ ಮಂಚದ ಕೆಳಗೆ ಸೇರಿಕೊಳ್ತಾಳೆ. ಮನೆಯವರೆಲ್ಲ ಕೈಕೆಲಸ ಬಿಟ್ಟು ನೋಡ್ತಾ ನಿಂತುಬಿಡ್ತೀವಿ, ಅಷ್ಟು ಖುಷಿ. ಇದು ಸರಿಯಾದ ಕ್ರಮಾನಾ? ಮುಂದಕ್ಕೆ ಬರೋಕೆ ನಾವೇನು ಮಾಡಬಹುದು? ವಾಕರ್ ತರೋಣ ಅಂತ ಅತ್ತೆ ಹೇಳ್ತಿದ್ದಾರೆ, ತರಬಹುದಾ? ಮನೆಯಲ್ಲಿ ನುಣುಪಾದ ಟೈಲ್ಸ್ ನೆಲ.

ಫಿಸಿಯೋ_ಹಾಸನ:
ಖುಷಿಪಡಿ, ಹಿಂದಕ್ಕೆ ಹೋಗೋದೂ ಒಂದು ಹೆಜ್ಜೆಯೇ. ಮಕ್ಕಳಲ್ಲಿ ಹಿಡಿತ ತಲೆಯಿಂದ ಕೆಳಮುಖವಾಗಿ ಬರುತ್ತೆ: ಮೊದಲು ಕತ್ತು, ಆಮೇಲೆ ಭುಜ, ತೋಳು, ಕೊನೆಗೆ ಸೊಂಟ, ಕಾಲು. ಈಗ ತೋಳಿಗೆ ತಳ್ಳೋ ಬಲ ಬಂದಿದೆ, ಮಂಡಿಯನ್ನು ಹೊಟ್ಟೆ ಕೆಳಗೆ ಎಳೆದುಕೊಳ್ಳೋ ಬಲ ಸೊಂಟಕ್ಕೆ ಇನ್ನೂ ಬಂದಿಲ್ಲ. ತೋಳು ತಳ್ಳಿದರೆ ಮೈ ಹಿಂದಕ್ಕೇ ಜಾರಬೇಕು.

ಮೊದಲು ನೆಲ ನೋಡಿ. ನುಣುಪು ಟೈಲ್ಸ್ ಮೇಲೆ ಪೈಜಾಮ, ಸಾಕ್ಸ್ ಹಾಕಿದರೆ ಮಂಡಿಗೂ ಕಾಲ್ಬೆರಳಿಗೂ ಹಿಡಿತವೇ ಸಿಗಲ್ಲ. ಚಡ್ಡಿ ಮಾತ್ರ ಹಾಕಿ, ಮಂಡಿ, ಪಾದ ಬರಿದಾಗಿರಲಿ. ಜಾರದ ಜಮಖಾನ ಅಥವಾ ಗಟ್ಟಿ ಯೋಗ ಮ್ಯಾಟ್ ಹಾಸಿ. ಮೆತ್ತನೆ ಹಾಸಿಗೆ ಮೇಲೆ ಅಭ್ಯಾಸ ಬೇಡ, ಕೈ ಹೂತುಹೋಗುತ್ತೆ.

ಬೋರಲು ಮಲಗಿರುವಾಗ ಒಂದು ಮಂಡಿಯನ್ನು ಮೆಲ್ಲಗೆ ಮಡಿಸಿ ಹೊಟ್ಟೆಯ ಪಕ್ಕಕ್ಕೆ ತನ್ನಿ, ಆ ಪಾದದ ಹಿಂದೆ ನಿಮ್ಮ ಅಂಗೈಯನ್ನು ಗೋಡೆ ಥರ ಇಡಿ. ನೀವು ತಳ್ಳಬೇಡಿ, ಅವಳೇ ಒದ್ದು ಮುಂದೆ ಹೋಗಲಿ. ಆಮೇಲೆ ಇನ್ನೊಂದು ಕಾಲು. ಆಟಿಕೆಯನ್ನು ಅವಳ ಕೈಗೆ ಸಿಗೋದಕ್ಕಿಂತ ಒಂದು ಗೇಣು ಮಾತ್ರ ಮುಂದಿಡಿ. ಎರಡು ಮಾರು ದೂರ ಇಟ್ಟರೆ ಬೇಜಾರಾಗಿ ಅಳ್ತಾಳೆ. ನೇರ ಎದುರಿಗಿಂತ ಸ್ವಲ್ಪ ಓರೆಯಾಗಿಟ್ಟರೆ ಇನ್ನೂ ಒಳ್ಳೇದು. ಒಂದು ಕೈಮೇಲೆ ಭಾರ ಹಾಕಿ ಇನ್ನೊಂದು ಚಾಚೋದು ಕಲೀತಾಳೆ, ಅಂಬೆಗಾಲಿಗೆ ಬೇಕಾಗಿರೋದು ಅದೇ. ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಐದಾರು ಸಲ. ಹಾಲು ಕುಡಿದು ಅರ್ಧ ಗಂಟೆ ಆಗಿರಲಿ, ಇಲ್ಲದಿದ್ದರೆ ಕಕ್ಕಿಬಿಡ್ತಾಳೆ.

ಅವಧಿಗೆ ಮುಂಚೆ ಹುಟ್ಟಿದ ಮಗುನಾ? ಅದು ಗೊತ್ತಾದರೆ ವಯಸ್ಸಿನ ಲೆಕ್ಕ ಹೇಳಬಹುದು.

ತುಂಗಾತೀರ:
ವಾಕರ್ ಖಂಡಿತ ಬೇಡ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ. ಅದರಲ್ಲಿ ಮಗು ತುದಿಗಾಲಲ್ಲಿ ತಳ್ಳಿಕೊಂಡು ಹೋಗುತ್ತೆ, ಭಾರ ಸೀಟಿನ ಮೇಲಿರುತ್ತೆ, ಕಾಲು ಎಲ್ಲಿದೆ ಅಂತ ತನಗೇ ಕಾಣಲ್ಲ. ಬ್ಯಾಲೆನ್ಸ್ ಕಲಿಯೋಕೆ ಅವಕಾಶವೇ ಇಲ್ಲ, ಹಾಗಾಗಿ ನಡೆಯೋದು ಬೇಗ ಆಗೋ ಬದಲು ತಡವಾಗಬಹುದು. ಕಣ್ಮುಚ್ಚಿ ತೆಗೆಯೋದರಲ್ಲಿ ಮೆಟ್ಟಿಲ ತುದಿಗೋ ಬಿಸಿ ಪಾತ್ರೆ ಹತ್ತಿರಕ್ಕೋ ತಲುಪಿಬಿಡುತ್ತೆ. ಅತ್ತೆಯವರಿಗೆ ಆಸೆ ಇದ್ದರೆ ಚನ್ನಪಟ್ಟಣದ ಮರದ ತಳ್ಳುಗಾಡಿ ತರಲಿ, ಆದರೆ ಹಿಡಿದುಕೊಂಡು ತಾನಾಗಿ ಎದ್ದು ನಿಲ್ಲೋಕೆ ಕಲಿತ ಮೇಲೆ. ಗಾಡಿ ಹಗುರವಾಗಿದ್ದರೆ ಮುಂದಕ್ಕೆ ಓಡಿ ಮಗು ಮುಗ್ಗರಿಸುತ್ತೆ, ಒಂದು ಕೈ ಹಿಡಿದೇ ಇರಿ.

ಪುಟ್ಟಿಅಮ್ಮ:
ಥ್ಯಾಂಕ್ಸ್. ಹೌದು, 35 ವಾರಕ್ಕೇ ಹುಟ್ಟಿದ್ದಳು. ಪಕ್ಕದ ಮನೆ ಮಗು ಏಳು ತಿಂಗಳಿಗೇ ಅಂಬೆಗಾಲಿಟ್ಟಿತು, ಅದಕ್ಕೇ ಕೇಳಿದೆ.

ಫಿಸಿಯೋ_ಹಾಸನ:
ಹಾಗಾದರೆ 40ರಲ್ಲಿ 35 ಕಳೀರಿ, ಐದು ವಾರ. ಬೆಳವಣಿಗೆಯ ಲೆಕ್ಕಕ್ಕೆ ಅವಳಿಗೀಗ ಏಳು ತಿಂಗಳೂ ತುಂಬಿಲ್ಲ. ಎರಡು ವರ್ಷದವರೆಗೂ ಹೀಗೇ ಕಳೆದು ನೋಡಿ. ಲಸಿಕೆ ಮಾತ್ರ ಹುಟ್ಟಿದ ತಾರೀಖಿನ ಪ್ರಕಾರವೇ.

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೆಹಲಿಯ ಮಕ್ಕಳೂ ಇದ್ದರು. ಅದರ ಪ್ರಕಾರ ಆಸರೆಯಿಲ್ಲದೆ ಕೂರೋದು 3.8ರಿಂದ 9.2 ತಿಂಗಳೊಳಗೆ, ಅಂಬೆಗಾಲು 5.2ರಿಂದ 13.5, ತಾನಾಗಿ ನಡೆಯೋದು 8.2ರಿಂದ 17.6. ಅಂತರ ಎಷ್ಟು ದೊಡ್ಡದು ನೋಡಿ! ನೂರರಲ್ಲಿ ಸುಮಾರು ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ಮುಂದೆ ಹೋಗ್ತಾರೆ. ಪಕ್ಕದ ಮನೆ ಮಗುವೂ ನಿಮ್ಮ ಮಗಳೂ ಇಬ್ಬರೂ ಇದರೊಳಗೇ ಇದ್ದಾರೆ.

ತಿಂಗಳಿಗಿಂತ ನಾನು ಹೆಚ್ಚು ನೋಡೋದು ಎಡಬಲ. ಯಾವಾಗಲೂ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡಿರೋದು, ಒಂದು ಕಾಲನ್ನು ಎಳೆದುಕೊಂಡೇ ಹೋಗೋದು, ಕಂಕುಳಲ್ಲಿ ಹಿಡಿದೆತ್ತಿದಾಗ ಕಾಲೆರಡೂ ಬಿಗಿಯಾಗಿ ಕತ್ತರಿಯಂತೆ ಹೆಣೆದುಕೊಳ್ಳೋದು, ಕಲಿತದ್ದನ್ನು ಬಿಟ್ಟುಬಿಡೋದು, ಇದರಲ್ಲಿ ಒಂದು ಕಂಡರೂ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಜಿಲ್ಲಾ ಆಸ್ಪತ್ರೆಯ ಡಿಇಐಸಿ ಕೇಂದ್ರದಲ್ಲೂ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗೋ ಸರ್ಕಾರಿ ಕೇಂದ್ರ) ತಪಾಸಣೆ ಮಾಡ್ತಾರೆ.

ಅಂಗಳ:
ಎಲ್ಲರೂ ಕಾಲನ್ನೇ ನೋಡ್ತಿದ್ದೀರಿ, ಈ ವಯಸ್ಸಿನಲ್ಲಿ ಕೈಯೂ ಕಣ್ಣೂ ಮಾಡೋ ಕೆಲಸ ಇನ್ನೂ ಚೆಂದ. ಒಂದು ಸ್ಟೀಲ್ ಚಮಚ ಕೊಟ್ಟು ನೋಡಿ: ಬಲಗೈಲಿ ಹಿಡೀತಾಳೆ, ಬಾಯಿಗಿಡ್ತಾಳೆ, ಎಡಗೈಗೆ ದಾಟಿಸ್ತಾಳೆ, ಬೀಳಿಸಿ ಸದ್ದು ಬಂದ ಕಡೆ ಬಗ್ಗಿ ನೋಡ್ತಾಳೆ. ಮುಂದಿನ ತಿಂಗಳುಗಳಲ್ಲಿ ಅದೇ ಚಮಚದ ಮೇಲೆ ಬಟ್ಟೆ ಮುಚ್ಚಿ, ಎಳೆದು ತೆಗೀತಾಳಾ ಅಂತ ನೋಡಿ. ಕಣ್ಣಿಗೆ ಕಾಣದಿದ್ದರೂ ವಸ್ತು ಅಲ್ಲೇ ಇದೆ ಅಂತ ಗೊತ್ತಾಗೋ ಕಾಲ ಅದು. ನೀವು ಅಡುಗೆಮನೆಗೆ ಹೋದರೆ ಅಳೋದು ಹೆಚ್ಚಾಗೋದೂ ಅದೇ ಕಾರಣಕ್ಕೆ, ಹಠ ಅಂತ ಬೈಬೇಡಿ.

ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಹೆಕ್ಕೋದು ಬರುತ್ತೆ. ಹೊಸ್ತಿಲು ದಾಟಿದ ದಿನ ಪೂಜೆ ಮಾಡೋರು ಅದಕ್ಕೂ ಮುಂಚೆಯೇ ಮನೆಯ ನೆಲ ನೋಡಿಕೊಳ್ಳಿ. ಹುಣಸೆ ಬೀಜ, ಕಡಲೆಕಾಯಿ ಬೀಜ, ನಾಣ್ಯ ಒಂದೂ ಇರಬಾರದು. ರಿಮೋಟಿನ ಬಟನ್ ಸೆಲ್ ಎಲ್ಲಕ್ಕಿಂತ ಅಪಾಯ: ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡುತ್ತೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಎಮರ್ಜೆನ್ಸಿಗೆ ಹೋಗಿ. ಬಚ್ಚಲಿನ ಬಕೆಟ್ ನೀರು ಚೆಲ್ಲಿ ಬೋರಲು ಹಾಕಿ, ಬಾಗಿಲಿಗೆ ಮೇಲಿನ ಚಿಲಕ ಹಾಕಿ. ಹಿಂದಕ್ಕೆ ತೆವಳೋ ಮಗು ಅಂದಿರಲ್ಲ, ಮಂಚದ ಕೆಳಗೆ ಚಾರ್ಜರ್ ವೈರು, ಜಿರಳೆ ಔಷಧಿ ಇದೆಯಾ ಅಂತ ಇವತ್ತೇ ಬಗ್ಗಿ ನೋಡಿ.