ಥಾಮಸ್ ಕಥೆಗಳ ಸಣ್ಣ ಪಾತ್ರಗಳು: ಸ್ಟ್ಯಾನ್ಲಿಗೆ ಕೊನೆಗೆ ಏನಾಯ್ತು?

ಕಥೆ_ಡ್ಯೂಟಿ

ಮಗಳಿಗೆ ಆರು ವರ್ಷ, ಮಾತಾಡುವ ರೈಲು ಇಂಜಿನ್ ಥಾಮಸ್ ಅಂದ್ರೆ ಪ್ರಾಣ. ಟಿವಿಯ ಹಳೇ ಕಂತುಗಳೆಲ್ಲ ಮುಗಿದವು. ಈಗ ರಾತ್ರಿ ಮಲಗುವ ಮುಂಚೆ ಪಾದ್ರಿ ಆಡ್ರಿ ಬರೆದ ಮೂಲ ಪುಸ್ತಕಗಳನ್ನು ನಾನು ಓದಿ ಓದಿ ಕನ್ನಡದಲ್ಲಿ ಹೇಳಬೇಕು, ಒಂದು ಸಾಲು ಬಿಟ್ಟರೂ ಚಿತ್ರ ನೋಡಿ ಹಿಡಿದುಬಿಡುತ್ತಾಳೆ.

ಮೊನ್ನೆ 1970ರ ಡ್ಯೂಕ್ ಪುಸ್ತಕಕ್ಕೆ ಬಂದೆವು. ಅದರಲ್ಲಿ ಸ್ಟ್ಯಾನ್ಲಿ ಅಂತ ಒಂದು ಇಂಜಿನ್. ನಂಬರ್ 2. ಹಳಿ ಮೇಲೆ ಸರಿಯಾಗಿ ಓಡೋದೇ ಇಲ್ಲ, ಎಗರಾಡುತ್ತಾನೆ, ಪದೇ ಪದೇ ಹಳಿ ತಪ್ಪುತ್ತಾನೆ, ಹಿರಿಯ ಇಂಜಿನ್ ಡ್ಯೂಕ್ ಬುದ್ಧಿ ಹೇಳಿದರೆ ನಗುತ್ತಾನೆ. ಕೊನೆಗೆ ಮ್ಯಾನೇಜರ್‌ಗೆ ಸಾಕಾಗಿ ಅವನನ್ನು ಕದಲದ ಹಾಗೆ ನಿಲ್ಲಿಸಿ, ನೀರೆತ್ತುವ ಪಂಪ್ ಇಂಜಿನ್ ಮಾಡಿಬಿಡುತ್ತಾರೆ. ಅಷ್ಟೇ. ಕಥೆ ಮುಂದೆ ಹೋಗುತ್ತದೆ.

ಕಥೆ ಹೋಯಿತು, ಮಗಳು ಹೋಗಲಿಲ್ಲ. "ಅವನು ಈಗಲೂ ಅಲ್ಲೇ ಇದಾನಾ? ರಾತ್ರಿನೂ ನೀರು ಎತ್ತುತ್ತಾನಾ? ಅವನ ಹತ್ರ ಯಾರಾದ್ರೂ ಮಾತಾಡ್ತಾರಾ?" ಅಂತ ಶುರು ಮಾಡಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳ್ತೀನಿ ಅಂತ ಲೈಟ್ ಆರಿಸಿದೆ, ಎರಡು ದಿನದಿಂದ ಅದೇ ನಾಳೆ ನಡೀತಾ ಇದೆ.

ಎರಡು ಪ್ರಶ್ನೆ. ಸ್ಟ್ಯಾನ್ಲಿ ಬೇರೆ ಎಲ್ಲಾದರೂ ಮತ್ತೆ ಬರುತ್ತಾನಾ? ಇನ್ನೊಂದು, ಹೀಗೆ ಒಂದು ಕಥೆಯಲ್ಲಿ ಬಂದು ಮಾಯವಾಗುವ ಇಂಜಿನ್, ಬೋಗಿ, ವ್ಯಾಗನ್‌ಗಳು ಇನ್ನೂ ಯಾರಿದ್ದಾರೆ? ಮೊದಲೇ ಗೊತ್ತಿದ್ದರೆ ನಾನು ತಯಾರಾಗಿ ಕೂತುಕೊಳ್ಳಬಹುದು.

ಹಳಿ_ಪಕ್ಕದವನು

ಮೊದಲು ಹೆಸರಿನ ಗೊಂದಲ ತೀರಿಸಿಬಿಡೋಣ. ಮಗಳು ಟಿವಿಯಲ್ಲಿ ಇದೇ ಕಥೆ ನೋಡಿರುತ್ತಾಳೆ, ಆದರೆ ಅಲ್ಲಿ ಅವನ ಹೆಸರು ಸ್ಮಡ್ಜರ್. ಪುಸ್ತಕದಲ್ಲಿ ನೀರಿನ ಪಂಪ್, ಟಿವಿಯಲ್ಲಿ ಜನರೇಟರ್. ಟಿವಿಯಲ್ಲಿ ಆಮೇಲೆ ಸ್ಟ್ಯಾನ್ಲಿ ಅಂತ ಇನ್ನೊಬ್ಬ ಬರುತ್ತಾನಲ್ಲ, ಬೆಳ್ಳಿ ಬಣ್ಣದವನು, ಅವನು ಬೇರೆಯೇ. ಅವನನ್ನು ತೋರಿಸಿ "ನೋಡು, ಸ್ಟ್ಯಾನ್ಲಿ ಚೆನ್ನಾಗೇ ಇದಾನೆ" ಅಂತ ಹೇಳಿ ತಪ್ಪಿಸಿಕೊಳ್ಳೋ ಯೋಚನೆ ಇದ್ದರೆ ಬಿಡಿ. ಚಿತ್ರ ನೋಡಿ ಹಿಡಿಯುವ ಹುಡುಗಿ ಅಂತ ನೀವೇ ಬರೆದಿದ್ದೀರಿ.

ಪುಸ್ತಕದ ಸ್ಟ್ಯಾನ್ಲಿ ವಿಷಯಕ್ಕೆ ಬಂದರೆ, ಅವನ ಕಥೆಯನ್ನು ನಾವು ನೇರವಾಗಿ ನೋಡೋದೇ ಇಲ್ಲ. ಬಾಲ ಬಿಚ್ಚಿದ ಫಾಲ್ಕನ್ ಅನ್ನೋ ಇಂಜಿನ್‌ಗೆ ಬುದ್ಧಿ ಬರಲಿ ಅಂತ ಡ್ಯೂಕ್ ಹೇಳುವ ಕಥೆ ಅದು. ಅಂದರೆ ಮಕ್ಕಳನ್ನು ಹೆದರಿಸೋಕೆ ಗುಮ್ಮನ ಕಥೆ ಹೇಳ್ತಾರಲ್ಲ, ಅದೇ. ಗುಮ್ಮನಿಗೆ ಆಮೇಲೆ ಏನಾಯ್ತು ಅಂತ ಯಾರೂ ಕೇಳಲ್ಲ. ನಿಮ್ಮ ಮಗಳು ಕೇಳಿದಳು!

ಆಮೇಲೆ ಆ ಲೈನೇ ಮುಚ್ಚಿಹೋಗುತ್ತದೆ. ಫಾಲ್ಕನ್ ಮತ್ತು ಸ್ಟುವರ್ಟ್ ಬೇರೆ ರೈಲ್ವೆಗೆ ಹೋಗಿ ಸರ್ ಹ್ಯಾಂಡಲ್, ಪೀಟರ್ ಸ್ಯಾಮ್ ಅಂತ ಹೊಸ ಹೆಸರು ಪಡೆಯುತ್ತಾರೆ. ಡ್ಯೂಕ್ ಮಾತ್ರ ಶೆಡ್‌ನಲ್ಲೇ ಉಳಿದು, ಶೆಡ್ ಮೇಲೆ ಮಣ್ಣು, ಗಿಡ, ಬಳ್ಳಿ ಬೆಳೆದು ಎಲ್ಲರಿಗೂ ಮರೆತೇ ಹೋಗುತ್ತಾನೆ. ಎಷ್ಟೋ ವರ್ಷದ ಮೇಲೆ ಅವನನ್ನು ಹುಡುಕಿಕೊಂಡು ಹೊರಟವರಲ್ಲಿ ಒಬ್ಬ ದಪ್ಪ ಪಾದ್ರಿ ಶೆಡ್ ಸೂರು ಮುರಿದು ಒಳಗೆ ಬಿದ್ದಾಗ ಸಿಗುತ್ತಾನೆ. ಡ್ಯೂಕ್ ಸಿಕ್ಕಿದ ಆ ಸಡಗರದಲ್ಲಿ ಸ್ಟ್ಯಾನ್ಲಿ ಸುದ್ದಿ ಯಾರೂ ಎತ್ತಲ್ಲ. ನಾನು ಎಷ್ಟೋ ಸಲ ಓದಿದ್ದೇನೆ, ಇದನ್ನು ಗಮನಿಸಿದ್ದು ಇವತ್ತು.

ಮೂರನೇ_ಸಿಗ್ನಲ್

ಇದಕ್ಕೆ ಹೆನ್ರಿ ಅನ್ನೋ ಇಂಜಿನ್ ಕಥೆ ಪಕ್ಕದಲ್ಲಿ ಇಟ್ಟು ನೋಡಿ.

1945ರ ಮೊದಲ ಪುಸ್ತಕದಲ್ಲಿ ಹೆನ್ರಿ ಮಳೆಗೆ ಬಣ್ಣ ಹಾಳಾಗುತ್ತೆ ಅಂತ ಸುರಂಗದಿಂದ ಹೊರಗೆ ಬರಲ್ಲ ಅಂತಾನೆ. ಎಳೆದರೂ ಬರಲ್ಲ, ತಳ್ಳಿದರೂ ಬರಲ್ಲ. ಸರಿ, ಹಳಿ ಕಿತ್ತು, ಮುಂದೆ ಇಟ್ಟಿಗೆ ಗೋಡೆ ಕಟ್ಟಿ ಅವನನ್ನು ಅಲ್ಲೇ ಬಿಟ್ಟುಬಿಡುತ್ತಾರೆ. ಬೇರೆ ರೈಲುಗಳು ಪಕ್ಕದ ಸುರಂಗದಲ್ಲಿ ಹೋಗೋದನ್ನು ನೋಡಿಕೊಂಡು ಅವನು ನಿಂತಿರಬೇಕು. ಆಡ್ರಿ ಆ ಕಥೆಯನ್ನು ಅಲ್ಲಿಗೇ ನಿಲ್ಲಿಸಿದ್ದರು, ತಕ್ಕ ಶಾಸ್ತಿ ಆಯ್ತು ಅನ್ನೋ ಧಾಟಿಯಲ್ಲಿ. ಪುಸ್ತಕ ಮಾಡುವಾಗ ಪ್ರಕಾಶಕರ ಕಡೆಯಿಂದ, ಹೀಗೆ ಬಿಟ್ಟರೆ ಹೇಗೆ, ಹೆನ್ರಿಯನ್ನು ಹೊರಗೆ ತರುವ ಇನ್ನೊಂದು ಕಥೆ ಬೇಕು ಅಂತ ಕೇಳಿಕೆ ಬಂತು. ಅದಕ್ಕೇ ನಾಲ್ಕನೇ ಕಥೆ ಸೇರಿತು. ಗಾರ್ಡನ್ ಕೆಟ್ಟು ನಿಲ್ಲುತ್ತಾನೆ, ಗೋಡೆ ಒಡೆದು ಹೆನ್ರಿಯನ್ನು ಕರೆತರುತ್ತಾರೆ.

ಅಂದರೆ ಹೆನ್ರಿ ಇವತ್ತು ಮುಖ್ಯ ಪಾತ್ರ ಆಗಿರೋದು ಯಾರೋ ಅವನ ಪರವಾಗಿ ಕೇಳಿದ್ದಕ್ಕೆ. ಸ್ಟ್ಯಾನ್ಲಿ ಪರವಾಗಿ ಯಾರೂ ಕೇಳಲಿಲ್ಲ. ಇಬ್ಬರ ತಪ್ಪೂ ಹೆಚ್ಚು ಕಡಿಮೆ ಒಂದೇ, ಹಠ. ಥಾಮಸ್ ಅಂತೂ ಈ ಪುಸ್ತಕಗಳಲ್ಲಿ ಮಾಡದ ಕಿತಾಪತಿ ಇಲ್ಲ, ಸ್ಟೇಷನ್ ಮಾಸ್ತರರ ಮನೆಯ ಗೋಡೆಗೇ ನುಗ್ಗಿ ಅವರ ತಿಂಡಿ ಹಾಳು ಮಾಡಿದವನು. ಅವನಿಗೆ ಬೈಗುಳ, ರಿಪೇರಿ, ಮುಗೀತು. ದೊಡ್ಡ ಹೆಸರಿನವರಿಗೆ ರಿಪೇರಿ, ಸಣ್ಣವರಿಗೆ ಪಂಪು.

(ಅಂದ ಹಾಗೆ, ಈ ಇಂಜಿನ್‌ಗಳ ರೈಲ್ವೆ ನಡೆಸುವ ಯಜಮಾನರು ಮೊದಲ ಪುಸ್ತಕದಲ್ಲಿ ಫ್ಯಾಟ್ ಡೈರೆಕ್ಟರ್, ಫ್ಯಾಟ್ ಕಂಟ್ರೋಲರ್ ಅಲ್ಲ. 1948ರಲ್ಲಿ ಬ್ರಿಟನ್ ರೈಲ್ವೆ ಸರ್ಕಾರದ ಕೈಗೆ ಹೋದ ಮೇಲೆ ಪುಸ್ತಕದಲ್ಲೂ ಪದವಿ ಬದಲಾಯಿತು. ಹಳೇ ಪ್ರತಿ ಓದುವಾಗ ಮಗಳು ಕೇಳಿದರೆ ಇರಲಿ ಅಂತ ಹೇಳಿದೆ.)

ಗೂಡ್ಸ್_ಗಾಡಿ_ಗೋಪಿ

ಏನ್ರೀ, ಮಕ್ಕಳ ಕಥೆಗೆ ಕೋರ್ಟು ಕಚೇರಿ ಮಾಡ್ತಿದ್ದೀರಿ. ನಾನು ಚಿಕ್ಕವನಿದ್ದಾಗ ನನಗೆ ಇಷ್ಟ ಆಗಿದ್ದೇ ಇಂಥ ಭಾಗಗಳು. ಎಲ್ಲರೂ ಕೊನೆಗೆ ಒಳ್ಳೆಯವರಾಗಿ ನಗುತ್ತಾ ನಿಂತರೆ ಯಾರು ಓದುತ್ತಾರೆ?

ನನ್ನ ಮೆಚ್ಚಿನದು 1960ರ ಅವಳಿ ಇಂಜಿನ್‌ಗಳ ಪುಸ್ತಕದ ಆ ಕೆಟ್ಟ ಬುದ್ಧಿಯ ಬ್ರೇಕ್ ವ್ಯಾನ್, ಅಂದರೆ ಗಾರ್ಡ್ ಕೂರುವ ಡಬ್ಬಿ. ಹೆಸರೇ ಇಲ್ಲ ಅವನಿಗೆ. ಗೂಡ್ಸ್ ಗಾಡಿಯ ಬಾಲದಲ್ಲಿ ಕೂತು, ಬೇಕು ಅಂತಲೇ ಹಿಂದಕ್ಕೆ ಜಗ್ಗಿ, ಅವಳಿಗಳಲ್ಲಿ ಒಬ್ಬನಾದ ಡಗ್ಲಸ್‌ಗೆ ತಡ ಮಾಡಿಸಿ ಬೈಸುತ್ತಾನೆ. ಒಂದು ದಿನ ಜೇಮ್ಸ್ ಎಳೆಯುತ್ತಿದ್ದ ಗಾಡಿ ಏರು ಹತ್ತಲಾರದೆ ಹೋದಾಗ ಡಗ್ಲಸ್ ಹಿಂದಿನಿಂದ ತಳ್ಳುತ್ತಾನೆ. ಮುಂದೆ ಭಾರ, ಹಿಂದೆ ಡಗ್ಲಸ್, ನಡುವೆ ಈ ವ್ಯಾನ್. ಪಟಪಟ ಅಂತ ಹಲಗೆ ಬಿರಿದು ಚೂರುಚೂರು. ಯಾರೂ ಒಂದು ಹನಿ ಕಣ್ಣೀರು ಹಾಕಲ್ಲ. ನಾನೂ ಹಾಕಲಿಲ್ಲ.

ಆಮೇಲೆ ಎಸ್. ಸಿ. ರಫಿ ಅನ್ನೋ ವ್ಯಾಗನ್. 1969ರ ಪುಸ್ತಕ. ಆಲಿವರ್ ಅನ್ನೋ ಇಂಜಿನ್ ಟರ್ನ್‌ಟೇಬಲ್ (ಇಂಜಿನ್ ತಿರುಗಿಸುವ ಕಟ್ಟೆ) ಗುಂಡಿಗೆ ಬಿದ್ದ ಅಂತ ವ್ಯಾಗನ್‌ಗಳೆಲ್ಲ ಹಾಡು ಕಟ್ಟಿ ಆಡಿಕೊಳ್ಳುತ್ತವೆ, ಅದಕ್ಕೆ ಇವನೇ ಲೀಡರ್. ಆಲಿವರ್ ಹಳಿ ಮೇಲೆ ಮರಳು ಸುರಿಸಿ ಗಟ್ಟಿಯಾಗಿ ಹಿಡಿತ ತಗೊಂಡು ಒಂದು ಎಳೆತ ಎಳೆದರೆ ರಫಿ ಎರಡು ಹೋಳು. ಅವನು ಆಲಿವರ್‌ನ ಜತೆ ಬರಬಾರದು ಅಂತ ಹಿಂದಕ್ಕೆ ಎಳೆಯುತ್ತಿದ್ದನಲ್ಲ, ಬರಲೇ ಇಲ್ಲ ಪೂರ್ತಿ.

ಮಕ್ಕಳು ಇದಕ್ಕೆ ಬಿದ್ದು ಬಿದ್ದು ನಗುತ್ತವೆ. ಸುಮ್ನೆ ಓದಿ ಹೇಳಿ.

ಬೋಗಿ_ಕಿಟಕಿ

ಗೋಪಿಯವರೇ, ವ್ಯಾಗನ್ ಮುರಿದರೆ ನಗು ಬರುತ್ತೆ, ಒಪ್ಪಿದೆ. ಆ ಕ್ಷಣಕ್ಕೆ ಮುರಿದು ಮುಗಿದೇ ಹೋಗುತ್ತೆ. ಸ್ಟ್ಯಾನ್ಲಿಯದ್ದು ಹಾಗಲ್ಲ, ಅವನು ಇದ್ದೂ ಇಲ್ಲದ ಹಾಗೆ ನಿಂತಿರುತ್ತಾನೆ. ಆ ಹುಡುಗಿ ಕೇಳಿದ್ದು "ರಾತ್ರಿನೂನಾ" ಅಂತ. ಅದು ನಗೋ ಪ್ರಶ್ನೆ ಅಲ್ಲ.

ಕಥೆ ಡ್ಯೂಟಿಯವರೇ, ನೀವು ಸ್ಟ್ಯಾನ್ಲಿ ಹಿಂದೆ ಬಿದ್ದು ಮಗಳನ್ನು ಅಲ್ಲೇ ಬಿಡಬೇಡಿ. ಇದೇ ಪುಸ್ತಕಗಳಲ್ಲಿ ಉಳಿದುಕೊಂಡ ಸಣ್ಣವರೂ ಇದ್ದಾರೆ. ಹೆನ್ರಿಯೆಟ್ಟಾ ಗೊತ್ತಲ್ಲ, ಟೋಬಿ ಅನ್ನೋ ಇಂಜಿನ್‌ನ ಒಂದೇ ಒಂದು ಬೋಗಿ. 1952ರ ಪುಸ್ತಕ. ಟೋಬಿಯ ಹಳೇ ಲೈನು ಮುಚ್ಚುತ್ತದೆ, ಜನ ಎಲ್ಲ ಬಸ್ಸು ಹತ್ತುತ್ತಾರೆ. ಫ್ಯಾಟ್ ಕಂಟ್ರೋಲರ್ ಟೋಬಿಯನ್ನು ತಮ್ಮ ಹತ್ತಿರ ಕರೆಸಿಕೊಂಡಾಗ ಅವನು ಹೆನ್ರಿಯೆಟ್ಟಾಳನ್ನೂ ಜತೆಗೆ ಕರೆದುಕೊಂಡು ಬರುತ್ತಾನೆ. ಯಾಕೆ ಗೊತ್ತಾ? ಅಲ್ಲೇ ಬಿಟ್ಟಿದ್ದರೆ ಅವಳನ್ನು ಕೋಳಿಗೂಡು ಮಾಡೋದರಲ್ಲಿದ್ದರು! ಈ ಒಂದು ಸಾಲಿಗೆ ನಾನು ಪ್ರತಿ ಸಲ ನಿಲ್ಲುತ್ತೇನೆ. ಹಳೇ ಬೋಗಿಗಳಿಗೆ ನಿಜವಾಗಿ ಆಗುತ್ತಿದ್ದುದೇ ಅದು, ಚಕ್ರ ತೆಗೆದು ಯಾರದ್ದೋ ಹೊಲದಲ್ಲಿ ಕೋಳಿಗೂಡು, ಇಲ್ಲ ಸಾಮಾನಿನ ಕೋಣೆ. ಅವಳು ಕಥೆಯಲ್ಲಿ ಮಾತಾಡೋದು ಬಹಳ ಕಡಿಮೆ. ಆದರೆ ಅವಳಿಲ್ಲದೆ ಟೋಬಿ ಬರಲ್ಲ.

ಇನ್ನೊಬ್ಬ ಟೋಡ್. ಹೆಸರು ಕೇಳಿ ಕಪ್ಪೆ ಅಂತ ನಗಬೇಡಿ, ಗ್ರೇಟ್ ವೆಸ್ಟರ್ನ್ ರೈಲ್ವೆಯವರು ತಂತಿ ಕಳಿಸುವಾಗ ಗೂಡ್ಸ್ ಬ್ರೇಕ್ ವ್ಯಾನ್‌ಗೆ ಬಳಸುತ್ತಿದ್ದ ಸಂಕೇತ ಪದವೇ ಅದು. 1968ರ ಪುಸ್ತಕದಲ್ಲಿ ಡಗ್ಲಸ್ ರಾತ್ರಿ ಹೊತ್ತು ಹೊರಗಿನ ರೈಲ್ವೆಯ ಯಾರ್ಡ್‌ನಲ್ಲಿದ್ದಾಗ ಗುಜರಿಗೆ ಹೋಗದೆ ತಪ್ಪಿಸಿಕೊಂಡು ಬಂದ ಆಲಿವರ್ ಸಿಗುತ್ತಾನೆ, ಕಲ್ಲಿದ್ದಲು ಮುಗಿದು ಅಡಗಿ ನಿಂತಿರುತ್ತಾನೆ. ಜತೆಗೆ ಇಸಾಬೆಲ್ ಅನ್ನೋ ಬೋಗಿ. ಇನ್ನೇನು ಹೊರಡಬೇಕು, ಆಗ ಹಿಂದಿನಿಂದ ಒಂದು ವಿನಯದ ದನಿ, ನನ್ನನ್ನೂ ಕರ್ಕೊಂಡು ಹೋಗ್ತೀರಾ ಅಂತ. ಅದು ಟೋಡ್. ಆ ಹೊತ್ತಿನಲ್ಲೂ ಡಗ್ಲಸ್‌ಗೆ ಬಹುವಚನ, ಮಿಸ್ಟರ್ ಅಂತ ಸೇರಿಸಿ. ದಾರಿಯಲ್ಲಿ ಒಬ್ಬ ಫೋರ್‌ಮನ್ ತಡೆದು ವಿಚಾರಿಸಿದಾಗ ಓದುವವರ ಎದೆಯೇ ಢವಢವ.

ಆ ವರ್ಷ ನೋಡಿ. 1968ರ ಆಗಸ್ಟ್‌ನಲ್ಲೇ ಬ್ರಿಟಿಷ್ ರೈಲ್ವೆಯ ಮುಖ್ಯ ಲೈನ್‌ಗಳಲ್ಲಿ ಉಗಿ ಇಂಜಿನ್ ಓಡಿಸೋದು ನಿಂತಿದ್ದು. ಆಡ್ರಿ ಸುಮ್ನೆ ಕಥೆ ಕಟ್ಟಿದ್ದಲ್ಲ. ಗುಜರಿ ಯಾರ್ಡ್‌ಗಳಲ್ಲಿ ಇಂಜಿನ್‌ಗಳು ಸಾಲಾಗಿ ನಿಂತಿದ್ದ ಕಾಲ ಅದು.

ಹಳಿ_ಪಕ್ಕದವನು

ಒಂದು ಎಚ್ಚರಿಕೆ ಹೇಳೋದು ಮರೆತೆ. 1964ರ ಬೆಟ್ಟದ ಇಂಜಿನ್‌ಗಳ ಪುಸ್ತಕ ಮುಂದೆ ಇದ್ದರೆ, ನೀವೊಬ್ಬರೇ ಒಂದು ಸಲ ಓದಿಕೊಳ್ಳಿ. ಗಾಡ್ರೆಡ್ ಅಂತ ನಂಬರ್ 1 ಇಂಜಿನ್, ಹಳಿ ಕಡೆ ಗಮನ ಕೊಡದೆ ಬೆಟ್ಟದಿಂದ ಉರುಳುತ್ತಾನೆ. ಜನ ಉಳಿಯುತ್ತಾರೆ. ಅವನನ್ನು ರಿಪೇರಿ ಮಾಡಲು ದುಡ್ಡಿರಲ್ಲ, ಶೆಡ್ ಹಿಂದೆ ಇಟ್ಟುಕೊಂಡು ಬೇಕಾದಾಗ ಅವನ ಭಾಗ ಬಿಚ್ಚಿ ಉಳಿದವರಿಗೆ ಹಾಕುತ್ತಾರೆ. ಸ್ಟ್ಯಾನ್ಲಿ ಇದರ ಮುಂದೆ ಏನೂ ಅಲ್ಲ.

ಇದರ ಹಿಂದೆ ನಿಜವಾದ ಅಪಘಾತ ಇದೆ. ವೇಲ್ಸ್‌ನ ಸ್ನೋಡನ್ ಬೆಟ್ಟದ ರೈಲು 1896ರ ಏಪ್ರಿಲ್ 6ರಂದು ಶುರುವಾಯಿತು, ಅದೇ ದಿನ ನಂಬರ್ 1 ಇಂಜಿನ್ ಲಾಡಾಸ್, ಬೆಟ್ಟ ಹತ್ತುವಾಗ ಜಾರದಂತೆ ಹಾಕಿದ ಹಲ್ಲು ಹಳಿ ಬಿಟ್ಟು ಕೆಳಗೆ ಬಿತ್ತು. ಅಲ್ಲಿ ಒಬ್ಬ ಪ್ರಯಾಣಿಕ ತೀರಿಕೊಂಡರು. ಆ ಇಂಜಿನ್ ಜಾಗಕ್ಕೆ ಇನ್ನೊಂದು ಬರಲಿಲ್ಲ. ಆಡ್ರಿ ಕಥೆಗಳಲ್ಲಿ ಇಂಥ ಕಡೆಯೆಲ್ಲ ಕೆದಕಿದರೆ ಕೆಳಗೆ ಯಾವುದೋ ನಿಜವಾದ ಘಟನೆ ಸಿಗುತ್ತದೆ.

ಮೂರನೇ_ಸಿಗ್ನಲ್

ಮಗಳಿಗೆ ಒಂದು ಲೆಕ್ಕ ಕೊಡಿ, ಸ್ಟ್ಯಾನ್ಲಿಯಿಂದ ಗಮನ ಬೇರೆ ಕಡೆ ಹೋಗುತ್ತೆ. ಮೊದಲ ಪುಸ್ತಕದ ಮೊದಲ ಪುಟದಲ್ಲಿ ಎಡ್ವರ್ಡ್ ಇನ್ನೂ ಐದು ಇಂಜಿನ್‌ಗಳ ಜತೆ ಒಂದೇ ಶೆಡ್‌ನಲ್ಲಿ ಇರುತ್ತಾನೆ, ಎಲ್ಲರೂ ಅವನಿಗಿಂತ ದೊಡ್ಡವರು. ಗಾರ್ಡನ್, ಹೆನ್ರಿ ಅಂತ ಇಬ್ಬರನ್ನು ಹಿಡಿದರೂ ಇನ್ನೂ ಮೂವರು ಉಳಿಯುತ್ತಾರೆ. ಥಾಮಸ್ ಆಗಿರಲಾರ, ಅವನು ಚಿಕ್ಕವನು, ಬಂದಿದ್ದೂ 1946ರ ಎರಡನೇ ಪುಸ್ತಕಕ್ಕೆ. ಜೇಮ್ಸ್ ಅದೇ ಎರಡನೇ ಪುಸ್ತಕದ ಕೊನೆಗೆ ಹೊಸಬನಾಗಿ ಬರುತ್ತಾನೆ. ಹಾಗಾದರೆ ಎಡ್ವರ್ಡ್‌ನನ್ನು ರೇಗಿಸಿದ ಆ ಮೂವರು ಯಾರು?

ಕಥೆ_ಡ್ಯೂಟಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಸ್ಟ್ಯಾನ್ಲಿ ವಿಷಯ ಇದ್ದದ್ದು ಇದ್ದ ಹಾಗೇ ಹೇಳಿಬಿಟ್ಟೆ, ಪುಸ್ತಕದಲ್ಲಿ ಆಮೇಲೆ ಅವನ ಮಾತು ಬರಲ್ಲ ಅಂತ. ಹೆನ್ರಿಯನ್ನು ಹೊರಗೆ ತನ್ನಿ ಅಂತ ಪುಸ್ತಕ ಮಾಡುವವರು ಕೇಳಿದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ನಾವೂ ಕೇಳೋಣ" ಅಂದಳು. ಆಡ್ರಿ ತಾತ ಈಗ ಇಲ್ಲ ಪುಟ್ಟಾ ಅಂದೆ. "ಮತ್ತೆ ನೀನೇ ಹೇಳು" ಅಂತ ಗಂಟು ಬಿದ್ದಳು.

ಸರಿ, ಕಟ್ಟಿದೆ. ದಪ್ಪ ಪಾದ್ರಿ ಸೂರಿನಿಂದ ಬಿದ್ದ ಸದ್ದಿಗೆ ಆಚೆ ಕಡೆಯಿಂದ ಯಾರೋ ಕೆಮ್ಮಿದ ಹಾಗಾಯ್ತು, ಅದು ಸ್ಟ್ಯಾನ್ಲಿ ಅಂತ. ಅವನಿಗೆ ಚಕ್ರ ಹಾಕಿಸೋ ತನಕ ಬಿಡಲಿಲ್ಲ. ಚಕ್ರ ಹಾಕಿದ ಮೇಲೆ ಮತ್ತೆ ಎಗರಾಡ್ತಾನಾ ಅಂದೆ. "ಸ್ವಲ್ಪ" ಅಂದಳು.

ಟೋಡ್ ಕಥೆ ಇವತ್ತಿಗೆ ಇಟ್ಟುಕೊಂಡಿದ್ದೇನೆ, ಗಾಡ್ರೆಡ್ ಪುಸ್ತಕ ಮೇಲಿನ ಅರಮನೆಗೆ, ಅಂದರೆ ಕಪಾಟಿನ ತುದಿಗೆ ಹೋಯಿತು. ಗೋಪಿಯವರೇ, ರಫಿ ಎರಡು ಹೋಳಾದಾಗ ನಕ್ಕಿದ್ದು ನಿಜ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮೂವರು ಇಂಜಿನ್‌ಗಳಲ್ಲಿ ಇಬ್ಬರಿಗೆ ಆಗಲೇ ಹೆಸರಿಟ್ಟಾಯ್ತು, ಮೂರನೆಯವನು ಒಳ್ಳೆಯವನಂತೆ, ಅವನು ರೇಗಿಸಲಿಲ್ಲವಂತೆ, ಅದಕ್ಕೆ ಅವನಿಗೆ ಒಳ್ಳೆ ಹೆಸರೇ ಬೇಕು ಅಂತ ಇನ್ನೂ ಹುಡುಕುತ್ತಿದ್ದಾಳೆ.