ಐದು ದೇಶ ಬೇಡ ಪುಟ್ಟಿ, ಪೆರು ಒಂದೇ ಸಾಕು

ಪುಟ್ಟಿ, ನೀನು ನಿನ್ನೆ ಗ್ರೂಪಿನಲ್ಲಿ ಹಾಕಿದ ಪ್ರವಾಸದ ಪಟ್ಟಿಯನ್ನು ನಾನೂ ನಿನ್ನ ದೊಡ್ಡಪ್ಪನೂ ಕುಳಿತು ಓದಿದೆವು. ನೀನೂ ಅಳಿಯಂದಿರೂ ಬೆನ್ನಿಗೊಂದು ಚೀಲ ಹಾಕಿಕೊಂಡು ಮೂವತ್ತೈದು ದಿನಗಳಲ್ಲಿ ದಕ್ಷಿಣ ಅಮೆರಿಕದ ಐದು ದೇಶ ಸುತ್ತಿ, ರಿಯೊ, ಬ್ಯೂನಸ್ ಐರಿಸ್, ಲಾ ಪಾಜ್, ಕುಸ್ಕೊ, ಬೊಗೊಟಾ ಎಲ್ಲವನ್ನೂ ನೋಡಿ, ಕೊನೆಗೆ ಮೂರು ದಿನ ಅಮೆಜಾನ್ ಕಾಡಿಗೂ ಇಣುಕಿ ಬರಬೇಕೆಂದು ಬರೆದಿದ್ದೀಯೆ. ಅದಕ್ಕೆ ಅರಸೀಕೆರೆ ಮಾವ ಅನಕೊಂಡ ಹಾವಿನ ವಿಡಿಯೊ ಕಳಿಸಿ, ಕಾಡಿನ ಗೊಡವೆಯೇ ಬೇಡ ಎಂದಿದ್ದಾನೆ. 2024ರ ಮೇ, ಜೂನ್ ತಿಂಗಳಲ್ಲಿ ನಾವಿಬ್ಬರೂ ನಲವತ್ತೊಂದು ದಿನ ಆ ಕಡೆ ಅಲೆದು ಬಂದವರಾದ್ದರಿಂದ ನನ್ನ ಮಾತನ್ನೂ ಸ್ವಲ್ಪ ಕೇಳು. ಒಂದೊಂದೇ ಅಕ್ಷರ ಒತ್ತಿ ಬರೆಯುವುದು ನನ್ನಿಂದಾಗದ ಕೆಲಸ. ಫೋನಿಗೆ ಹೇಳಿ ಬರೆಸಿ, ತಪ್ಪು ತಿದ್ದಿ ಕಳಿಸುತ್ತಿದ್ದೇನೆ. ಉದ್ದವಾದರೆ ಎಲ್ಲರೂ ಸಹಿಸಿಕೊಳ್ಳಿ.

ಐದು ದೇಶ ಬಿಟ್ಟುಬಿಡು. ಪೆರು ಒಂದರಲ್ಲೇ ಕರಾವಳಿ, ಘಟ್ಟ, ಮಲೆಕಾಡು ಮೂರೂ ಇವೆ, ಅಲ್ಲಿಯವರೂ ತಮ್ಮ ದೇಶವನ್ನು ಹಾಗೆಯೇ ಮೂರು ಪಾಲಾಗಿ ಹೇಳುತ್ತಾರೆ: ಕೋಸ್ತಾ, ಸಿಯೆರಾ, ಸೆಲ್ವಾ. ಆದರೆ ನಮ್ಮ ಲೆಕ್ಕ ಅಲ್ಲಿ ತಿರುಗುಮುರುಗು. ನಮ್ಮಲ್ಲಿ ಮಂಗಳೂರಿನ ಕಡೆ ಮಳೆ ಸುರಿದು, ಘಟ್ಟ ಹತ್ತಿ ಹಾಸನ ದಾಟುವಷ್ಟರಲ್ಲಿ ನೆಲ ಒಣಗುತ್ತದೆ; ಅಲ್ಲಿ ಮಳೆಗಾಳಿ ಅಟ್ಲಾಂಟಿಕ್ ಕಡೆಯಿಂದ ಕಾಡಿನ ಮೇಲೆ ಹಾದು ಬಂದು ಆಂಡೀಸ್ ಪರ್ವತದ ಪೂರ್ವದ ಮೈಗೆ ಬಡಿಯುತ್ತದೆ, ಪಶ್ಚಿಮದ ಸಮುದ್ರದಂಡೆಯೇ ಮರುಭೂಮಿ. ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ದಂಡೆಗೆ ಅಂಟಿಕೊಂಡೇ ಹರಿಯುವುದರಿಂದ ಲಿಮಾ ನಗರದಲ್ಲಿ ತಿಂಗಳುಗಟ್ಟಲೆ ಮೋಡ ಮುಸುಕಿರುತ್ತದೆ, ಮಂಜಿನಂಥ ಹನಿ ಮುಖಕ್ಕೆ ತಾಗುತ್ತದೆ, ಮಳೆ ಮಾತ್ರ ಬರುವುದಿಲ್ಲ. ಆಗುಂಬೆಯಲ್ಲಿ ಒಂದು ಜೋರು ದಿನ ಸುರಿಯುವ ನೀರು ಲಿಮಾಕ್ಕೆ ಎಷ್ಟೋ ವರ್ಷಗಳ ಮಳೆ. ಆ ಊರಿಗೆ ಎರಡು ದಿನ ಸಾಕು.

ಕುಸ್ಕೊ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಕುಸ್ಕೊ ಊರಿನ ಚೌಕವೇ 3,400 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದ ಲಿಮಾದಿಂದ ವಿಮಾನದಲ್ಲಿ ಒಂದೂವರೆ ಗಂಟೆಗೆ ಅಲ್ಲಿ ಇಳಿಯುತ್ತೀರಿ. ನಿನ್ನ ದೊಡ್ಡಪ್ಪ ದಿನಾ ಐದು ಕಿಲೋಮೀಟರ್ ನಡೆಯುವವನು ನಾನು ಎಂಬ ಜಂಬದಲ್ಲಿ ಇಳಿದ ದಿನವೇ ಸಾನ್ ಬ್ಲಾಸ್ ಕೇರಿಯ ಮೆಟ್ಟಿಲು ಹತ್ತಿ, ರಾತ್ರಿಯಿಡೀ ತಲೆ ಹಿಡಿದುಕೊಂಡು ಕುಳಿತರು. ಗಾಳಿ ತೆಳುವಾದ ಎತ್ತರಕ್ಕೆ ಒಮ್ಮೆಲೇ ಹೋದರೆ ಬರುವ ಈ ಕಾಯಿಲೆಗೆ ಅಲ್ಲಿಯವರು ಸೊರೋಚೆ ಎನ್ನುತ್ತಾರೆ. ಜಾಣರು ಮಾಡುವುದೇನೆಂದರೆ, ಕುಸ್ಕೊದಲ್ಲಿ ಇಳಿದ ಕೂಡಲೇ ಬಾಡಿಗೆ ಕಾರು ಹಿಡಿದು ಉರುಬಂಬಾ ಕಣಿವೆಗೆ ಹೋಗಿ, ಅಲ್ಲಿ 2,800 ಮೀಟರ್ ಆಸುಪಾಸಿನಲ್ಲಿ ಮೂರು ರಾತ್ರಿ ಮಲಗಿ, ಇಂಕಾ ಅರಸರ ಕಾಲದ ಕಲ್ಲಿನ ಊರು ಮಾಚು ಪಿಚು ನೋಡಿಕೊಂಡು, ಆಮೇಲೆ ಕುಸ್ಕೊಗೆ ಬರುತ್ತಾರೆ. ಮಾಚು ಪಿಚು 2,430 ಮೀಟರ್, ಅಂದರೆ ಕುಸ್ಕೊಗಿಂತ ಸುಮಾರು ಒಂದು ಸಾವಿರ ಮೀಟರ್ ಕೆಳಗಿದೆ. ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಹೋಟೆಲಿನವರು ಕೋಕಾ ಎಲೆಯ ಬಿಸಿನೀರು ಕೊಟ್ಟರೆ ಕುಡಿಯಿರಿ, ಆದರೆ ನೆನಪಿಗೆಂದು ಆ ಎಲೆಯನ್ನಾಗಲಿ ಅದರ ಟೀ ಬ್ಯಾಗನ್ನಾಗಲಿ ಚೀಲಕ್ಕೆ ಹಾಕಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಅದು ಮಾದಕವಸ್ತು ಕಾನೂನಿನ ಕೆಳಗೆ ಬರುತ್ತದೆ.

ಮಾಚು ಪಿಚುವಿನ ಬಗ್ಗೆ ನಾನು ಹೇಳಬೇಕಾದ್ದಿಲ್ಲ, ಟಿಕೆಟನ್ನು ತಿಂಗಳುಗಳ ಮೊದಲೇ ತೆಗೆದುಕೋ, ಅಷ್ಟೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಕುಸ್ಕೊದ ಸಾನ್ ಪೆದ್ರೊ ಮಾರುಕಟ್ಟೆ. ಹಾಸನದವರಾದ ನಮಗೆ ಆಲೂಗಡ್ಡೆ ಎಂದರೆ ಗೊತ್ತು ಎಂದುಕೊಂಡಿದ್ದೆ. ಪೆರುವಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ತಳಿಗಳಿವೆ. ನೇರಳೆ, ಕಪ್ಪು, ಒಳಗೆ ಕೆಂಪು ಬಳೆ ಇರುವುದು, ಶುಂಠಿಯ ಹಾಗೆ ಗಂಟುಗಂಟಾದದ್ದು. ಒಬ್ಬ ಮುದುಕಿಯ ಮುಂದೆ ಬೆಣಚುಕಲ್ಲಿನಂಥ ಉಂಡೆಗಳ ರಾಶಿ ಇತ್ತು. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಅದೂ ಆಲೂಗಡ್ಡೆಯೇ, ಹೆಸರು ಚುನ್ಯೊ. ಜೂನ್, ಜುಲೈ ಚಳಿಯಲ್ಲಿ ರಾತ್ರಿ ಬಯಲಿನಲ್ಲಿ ಹರಡಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿ, ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ನಮ್ಮಮ್ಮ ತಾರಸಿಯ ಮೇಲೆ ಸಂಡಿಗೆ ಕಾಯುತ್ತಿದ್ದದ್ದು ನೆನಪಾಗಿ, ನಾನು ಆ ಮುದುಕಿಯ ಪಕ್ಕ ಸುಮ್ಮನೆ ಸ್ವಲ್ಪ ಹೊತ್ತು ಕುಳಿತೆ.

ಊಟದ ಚಿಂತೆ ನಿನ್ನ ಅಮ್ಮನದು. 'ಕಾರ್ನೆ ಬೇಡ' ಎಂದರೆ ಅವರಿಗೆ ಕೆಂಪು ಮಾಂಸ ಬೇಡವೆಂದಷ್ಟೇ ಅರ್ಥ, ಕೋಳಿ ಹಾಕಿ ತಂದಿಡುತ್ತಾರೆ. 'ನಿ ಪೊಯೊ, ನಿ ಪೆಸ್ಕಾದೊ', ಕೋಳಿಯೂ ಇಲ್ಲ, ಮೀನೂ ಇಲ್ಲ ಎಂದು ಬಿಡಿಸಿ ಹೇಳಬೇಕು. ಬೇಯಿಸಿದ ಜೋಳದ ತೆನೆ, ಜೊತೆಗೊಂದು ಚೀಸ್ ತುಂಡು, ಕಿನೊವಾ ಎಂಬ ಕಾಳಿನ ಸಾರು, ಬೆಣ್ಣೆಹಣ್ಣು, ಇವು ಎಲ್ಲೆಲ್ಲೂ ಸಿಗುತ್ತವೆ. ನಾನು ಒಯ್ದ ಕಡಲೆಕಾಯಿ ಚಟ್ನಿಪುಡಿ ಇಡೀ ಪ್ರವಾಸಕ್ಕೆ ಬಂತು. ಕಡಲೆಕಾಯಿ, ಮೆಣಸಿನಕಾಯಿ ಎರಡೂ ನಮ್ಮ ದೇಶಕ್ಕೆ ಬಂದದ್ದು ಆ ಖಂಡದಿಂದಲೇ. ಪುಡಿಯನ್ನು ತವರಿಗೆ ಕರೆದುಕೊಂಡು ಹೋಗಿ ಬಂದಂತಾಯಿತು.

ಅರಸೀಕೆರೆ ಮಾವನಿಗೆ ಹೇಳುವುದಿಷ್ಟು: ನಮಗೆ ಒಂದು ಹಾವೂ ಕಾಣಿಸಲಿಲ್ಲ. ಹೆದರಬೇಕಾದದ್ದು ಸೊಳ್ಳೆಗೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಪೆರುವಿನವರು ಕೇಳದಿದ್ದರೂ ಹಿಂತಿರುಗುವಾಗ ನಮ್ಮವರೇ ಕೇಳುತ್ತಾರೆ; ಆ ಪ್ರಮಾಣಪತ್ರವಿಲ್ಲದೆ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. 2016ರಿಂದ ಒಮ್ಮೆ ಹಾಕಿಸಿದ್ದು ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರಿಗೆ, ಗರ್ಭಿಣಿಯರಿಗೆ, ಮೊಟ್ಟೆ ಒಗ್ಗದವರಿಗೆ ಈ ಲಸಿಕೆಯನ್ನು ಯೋಚಿಸಿಯೇ ಕೊಡುತ್ತಾರೆ. ಆಗ ಅರವತ್ತೊಂದಾಗಿದ್ದ ದೊಡ್ಡಪ್ಪನನ್ನು ವೈದ್ಯರು ಅರ್ಧ ಗಂಟೆ ವಿಚಾರಿಸಿದರು. ಮಲೇರಿಯ ಮಾತ್ರೆಯ ವಿಷಯವನ್ನೂ ಅಲ್ಲಿಯೇ ಕೇಳಿಕೋ.

ಈಗ ಕಾಡಿನ ಮಾತು. ಮೂರು ದಿನದ ಪ್ಯಾಕೇಜನ್ನು ಕೈಬಿಟ್ಟು, ನದಿಯ ಮೇಲೆಯೇ ಮೂರು ದಿನ ಕಳೆಯಿರಿ. ಲಿಮಾದಿಂದ ತಾರಾಪೊಟೊಗೆ ವಿಮಾನ, ಅಲ್ಲಿಂದ ಮೂರು ಗಂಟೆಯ ಘಟ್ಟದ ದಾರಿಯಲ್ಲಿ ಯುರಿಮಾಗ್ವಾಸ್ ಎಂಬ ರೇವು, ಅಲ್ಲಿಂದ ಲಾಂಚಾ ಎನ್ನುವ ಸರಕಿನ ಹಡಗು. ಕೆಳಗಿನ ಅಟ್ಟದಲ್ಲಿ ಬಾಳೆಗೊನೆ, ಸಿಮೆಂಟು, ದನ; ಮೇಲಿನ ಅಟ್ಟದಲ್ಲಿ ಜನ. ಆಸನವಿಲ್ಲ, ಹಾಸಿಗೆಯಿಲ್ಲ. ಬಟ್ಟೆಯ ತೂಗುಮಂಚವನ್ನು ಪೇಟೆಯಲ್ಲಿ ನೀವೇ ಕೊಂಡು, ಕಬ್ಬಿಣದ ತೊಲೆಗೆ ಕಟ್ಟಿಕೊಳ್ಳಬೇಕು. ತಟ್ಟೆ, ಚಮಚವೂ ನಿಮ್ಮದೇ. 'ಇವತ್ತು ಸಂಜೆ' ಹೊರಡುತ್ತದೆ ಎಂದ ಹಡಗು ಮರುದಿನ ಸಂಜೆ ಹೊರಟಿತು. ಆ ಇಪ್ಪತ್ತನಾಲ್ಕು ಗಂಟೆಯಲ್ಲಿ ನಾವಿಬ್ಬರೂ ಮೂವತ್ತು ವರ್ಷದ ಹಳೆಯ ಜಗಳಗಳನ್ನೆಲ್ಲ ತೆಗೆದು ಮುಗಿಸಿದೆವು. ಆಮೇಲೆ ದೊಡ್ಡಪ್ಪ ಕಟ್ಟಿದ ಗಂಟು ನಡುರಾತ್ರಿ ಜಾರಿ, ಅವರು ಧೊಪ್ಪೆಂದು ಹಲಗೆಯ ಮೇಲೆ ಬಿದ್ದರು. ಪಕ್ಕದ ತೂಗುಮಂಚದ ಹೆಂಗಸು ಮಗುವನ್ನು ನನ್ನ ಕೈಗೆ ಕೊಟ್ಟು ಎದ್ದು, ಮಾತಿಲ್ಲದೆ, ಹಗ್ಗವನ್ನು ತೊಲೆಗೆ ಎರಡು ಸುತ್ತು ಸುತ್ತಿ, ಕುಣಿಕೆಯನ್ನು ತನ್ನೊಳಗಿನಿಂದಲೇ ಎಳೆದು ಬಿಗಿದು, ಕೈಯಿಂದ ಜಗ್ಗಿ ತೋರಿಸಿ ಮಲಗಿದಳು. ನಾನು ಆ ಗಂಟನ್ನು ಕಲಿತೆ.

ಹಡಗು ಮೊದಲು ಹುಆಯಾಗ, ಆಮೇಲೆ ಮರಾನ್ಯೊನ್ ನದಿಯಲ್ಲಿ ಸಾಗುತ್ತದೆ. ಬಲಗಡೆ ಇರುವುದು ಪಕಾಯಾ ಸಮೀರಿಯಾ ಮೀಸಲು ಕಾಡು, 20,000 ಚದರ ಕಿಲೋಮೀಟರಿಗೂ ಹೆಚ್ಚು, ಎಂದರೆ ನಮ್ಮ ಕರ್ನಾಟಕದ ಸುಮಾರು ಒಂಬತ್ತನೇ ಒಂದು ಪಾಲು. ರಾತ್ರಿ ತೇಲಿಬರುವ ಮರದ ದಿಮ್ಮಿಗಳನ್ನು ಹುಡುಕುತ್ತ ಹಡಗಿನವರು ದೊಡ್ಡ ದೀಪವನ್ನು ಈ ದಡಕ್ಕೂ ಆ ದಡಕ್ಕೂ ಬೀಸುತ್ತಾರೆ. ಬೆಳಕು ತಾಗಿದಷ್ಟು ಹೊತ್ತು ಮಾತ್ರ ಕಾಡು ಇರುತ್ತದೆ. ಬೆಳಿಗ್ಗೆ ಗುಲಾಬಿ ಬಣ್ಣದ ಡಾಲ್ಫಿನ್ ಬೆನ್ನು ತೋರಿಸಿ ಮುಳುಗಿತು. ನೌತಾ ಊರಿನ ಬಳಿ ಉಕಯಾಲಿ ಬಂದು ಸೇರುತ್ತದೆ, ಅಲ್ಲಿಂದ ಮುಂದೆ ನದಿಗೆ ಅಮೆಜಾನ್ ಎಂಬ ಹೆಸರು.

ತಲುಪುವ ಊರು ಇಕಿಟೋಸ್. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ, ದೋಣಿ ಅಥವಾ ವಿಮಾನವೇ ಗತಿ. ಹಾಗಿದ್ದರೂ ಬೀದಿಯ ತುಂಬ ಮೂರು ಗಾಲಿಯ ಬಂಡಿಗಳು! ಪೆರುವಿನಲ್ಲಿ ನಮ್ಮ ಬಜಾಜ್ ಆಟೋಗೆ ಟೊರಿಟೊ, ಪುಟ್ಟ ಹೋರಿ, ಎಂಬ ಹೆಸರಿದೆ. ನದಿಯ ದಂಡೆಯಲ್ಲಿ ಬಣ್ಣದ ಟೈಲ್ಸ್ ಹೊದಿಸಿದ ರಬ್ಬರ್ ಸಾಹುಕಾರರ ಮನೆಗಳಿವೆ. ನೋಡಲು ಚೆಂದ, ಆದರೆ ಅದೇ ಕಾಲದಲ್ಲಿ ಪುಟುಮಾಯೊ ಕಾಡಿನ ಮೂಲನಿವಾಸಿಗಳನ್ನು ರಬ್ಬರ್ ಹಾಲಿಗಾಗಿ ಹೊಡೆದು ಕೊಂದದ್ದನ್ನು 1910ರಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿ ರೋಜರ್ ಕೇಸ್‌ಮೆಂಟ್ ಹೋಗಿ ವಿಚಾರಣೆ ಮಾಡಿ ಬರೆದದ್ದು ಗೊತ್ತಿದ್ದರೆ, ಆ ಗೋಡೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಮನಸ್ಸು ಬಾರದು. ಜೂನ್ 24ರ ಸಾನ್ ಹುವಾನ್ ಹಬ್ಬಕ್ಕೆ ಹುವಾನೆ ಎಂಬ ತಿಂಡಿ ಮಾಡುತ್ತಾರೆ. ಅನ್ನವನ್ನು ಎಲೆಯಲ್ಲಿ ಕಟ್ಟಿ ಬೇಯಿಸಿದ್ದು, ನೋಡಲು ನಮ್ಮ ಎಲೆಕಡುಬೇ. ಒಳಗೆ ಕೋಳಿ ಇರುತ್ತದೆ, ಆಸೆಪಡಬೇಡ.

ಕೊನೆಯದಾಗಿ ದುಡ್ಡು. ಡಾಲರ್ ನೋಟಿನ ಅಂಚು ಕೂದಲೆಳೆಯಷ್ಟು ಹರಿದಿದ್ದರೂ ಅಲ್ಲಿ ಯಾರೂ ಮುಟ್ಟುವುದಿಲ್ಲ. ದೊಡ್ಡಪ್ಪ ಮಡಿಸಿಟ್ಟ ನೂರರ ನೋಟು ಲೋಕವೆಲ್ಲ ಸುತ್ತಿ ಮನೆಗೇ ಬಂತು. ಕಾರ್ಡು, ದುಡ್ಡನ್ನು ಇಬ್ಬರ ಚೀಲದಲ್ಲೂ ಅರ್ಧರ್ಧ ಇಡಿ. ದಿನಕ್ಕೆ ಎರಡು ಗಂಟೆ ಒಬ್ಬೊಬ್ಬರೇ ತಿರುಗಾಡಿ ಬನ್ನಿ, ರಾತ್ರಿ ಹೇಳಿಕೊಳ್ಳಲು ಏನಾದರೂ ಇರುತ್ತದೆ. ತೂಗುಮಂಚಗಳು ಎರಡೂ ನಮ್ಮ ಅಟ್ಟದ ಮೇಲೆ ಹಾಗೆಯೇ ಇವೆ, ಹೊಸದು ಕೊಳ್ಳಬೇಡಿ. ಭಾನುವಾರ ಊಟಕ್ಕೆ ಬಂದು ತೆಗೆದುಕೊಂಡು ಹೋಗಿ. ಗಂಟು ಹಾಕುವುದನ್ನು ಮಾತ್ರ ನನ್ನಿಂದ ಕಲಿ, ದೊಡ್ಡಪ್ಪನಿಂದ ಬೇಡ.