ಅಪ್ಪನ ಹತ್ತಿರ ಅಂಗದಾನದ ಮಾತು ತೆಗೆಯೋದು ಹೇಗೆ? ಅನುಭವ ಇದ್ದವರು ಹೇಳಿ

ಅಪ್ಪನಿಗೆ 76. ನಾನು ಅಂಗದಾನದ ಫಾರ್ಮ್ ತುಂಬಿದೆ, ನೀವೂ ತುಂಬ್ತೀರಾ ಅಂತ ಕೇಳಿದ್ದಕ್ಕೆ ಓದ್ತಿದ್ದ ಪೇಪರ್ ಮಡಚಿಟ್ಟು ಎದ್ದು ಹೋದರು. ಎರಡು ದಿನ ಮಾತಿಲ್ಲ. ಅಮ್ಮನಿಂದ ‘ಬದುಕಿರೋವಾಗಲೇ ಇದೆಂಥ ಮಾತು’ ಅಂತ ಬೈಗುಳ ಬೇರೆ. ಹಿರಿಯರ ಜೊತೆ ಇದನ್ನ ಮಾತಾಡಿದವರು ಹೇಗೆ ಮಾತಾಡಿದ್ರಿ?

ಉತ್ತರ 1
ನಮ್ಮಮ್ಮನೂ ಆರು ತಿಂಗಳು ಬೇಡ ಅಂದ್ರು. ದೇವರು, ಮುಂದಿನ ಜನ್ಮ ಅಂತಾರೇನೋ ಅಂದ್ಕೊಂಡು ನಾನು ವಾದಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಒಂದಿನ ಸೆರಗಲ್ಲಿ ಕನ್ನಡಕ ಒರೆಸ್ತಾ ಅವರೇ ಕೇಳಿದ್ರು: ‘ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಶುಗರ್ ಬೇರೆ. ಈ ಹಳೇ ಕಣ್ಣು ಯಾರಿಗೆ ಬೇಕೇ?’

ಅಷ್ಟೇ ವಿಷಯ! ಕೊಡೋಕೆ ಹೋಗಿ ಬೇಡ ಅನ್ನಿಸ್ಕೊಂಡ್ರೆ ಅನ್ನೋ ಸಂಕೋಚ. ನಾನು ಅವರು ಕೇಳದೇ ಇದ್ದ ಪ್ರಶ್ನೆಗೆ ಆರು ತಿಂಗಳು ಉತ್ತರ ಕೊಡ್ತಿದ್ದೆ. ಪೊರೆ ಬರೋದು ಒಳಗಿನ ಮಸೂರಕ್ಕೆ, ಇನ್ನೊಬ್ಬರಿಗೆ ಹಾಕೋದು ಮುಂದಿರೋ ತೆಳು ಪದರ, ಕಾರ್ನಿಯಾ. ಗಡಿಯಾರದ ಮುಳ್ಳು ಹಳೇದಾದ್ರೂ ಮೇಲಿನ ಗಾಜು ಚೆನ್ನಾಗಿರಬಹುದಲ್ಲಮ್ಮಾ ಅಂದೆ. ಶುಗರ್, ಬಿಪಿ, ಕನ್ನಡಕ ಯಾವುದೂ ಕಣ್ಣು ಕೊಡೋಕೆ ಅಡ್ಡಿ ಅಲ್ಲ. ಕಣ್ಣು ಬಿಡಿ, 80 ದಾಟಿದವರ ಲಿವರ್ ಕೂಡ ಕಸಿಯಾಗಿದೆ. ಯಾವುದು ಬಳಕೆಗೆ ಬರುತ್ತೆ ಅಂತ ನೋಡೋದು ಡಾಕ್ಟರ ಕೆಲಸ, ನಾವೇ ಮೊದಲು ಫೇಲ್ ಮಾಡ್ಕೋಬಾರದು.

ಉತ್ತರ 2
ನಮ್ಮ ಮಾವನವರದ್ದು ಬೇರೆ ಭಯ. ಅಂಗದಾನದ ಕಾರ್ಡ್ ಜೇಬಲ್ಲಿದ್ರೆ ಐಸಿಯುನಲ್ಲಿ ಬೇಗ ಕೈಬಿಡ್ತಾರೆ ಅಂತ. ನಗಬೇಡಿ, ವಯಸ್ಸಾದವರನ್ನ ಆಸ್ಪತ್ರೇಲಿ ಹೇಗೆ ಮಾತಾಡಿಸ್ತಾರೆ ಅಂತ ನೋಡಿದವರಿಗೆ ಆ ಭಯ ಅರ್ಥ ಆಗುತ್ತೆ. ಮಿದುಳು ನಿಷ್ಕ್ರಿಯ ಅಂತ ಘೋಷಿಸೋ ಡಾಕ್ಟರೇ ಬೇರೆ, ಕಸಿ ಮಾಡೋ ತಂಡವೇ ಬೇರೆ ಅಂತ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯ್ತು. ಇಡೀ ದೇಹವನ್ನ ಮೆಡಿಕಲ್ ಕಾಲೇಜಿಗೆ ಕೊಡೋ ದೇಹದಾನನೂ ಅಂಗದಾನನೂ ಒಂದೇ ಅಂದ್ಕೊಂಡಿದ್ರು ಪಾಪ. ಕಣ್ಣು ತಗೊಂಡ ಮೇಲೆ ಮುಖ ಕೆಡಲ್ಲ, ದೇಹ ಮನೆಯವರಿಗೇ ಬರುತ್ತೆ.

ಉತ್ತರ 3
ನನಗೇ 79. ಕಾರ್ಡ್ ಮಾಡಿಸಿ ಬೀರುವಿನಲ್ಲಿಟ್ಟಿದ್ದೀನಿ. ಮಗ ಅದನ್ನ ನೋಡೋಕೂ ಒಲ್ಲ. ‘ನಿನ್ನನ್ನ ಕುಯ್ಯೋಕೆ ನಾನು ಸಹಿ ಹಾಕಲ್ಲಮ್ಮ’ ಅಂತಾನೆ. ಕಾರ್ಡ್ ಇದ್ರೂ ಬಹುತೇಕ ಕಡೆ ಕೊನೆಗೆ ಕೇಳೋದು ಮನೆಯವರನ್ನೇ. ಮುದುಕರನ್ನ ಒಪ್ಪಿಸೋದು ಹೇಗೆ ಅಂತ ಕೇಳ್ತೀರಲ್ಲ, ಮಕ್ಕಳನ್ನ ಒಪ್ಪಿಸೋದು ಹೇಗೆ, ಅದನ್ನೂ ಸ್ವಲ್ಪ ಹೇಳ್ರಪ್ಪ.

ಉತ್ತರ 4
ನಮ್ಮತ್ತೆ ಒಪ್ಪಿದ್ರು, ನಾವೇ ಎಡವಿದ್ವಿ. ಮನೇಲೇ ತೀರಿಕೊಂಡ್ರು. ಅಂಥ ಹೊತ್ತಲ್ಲಿ ಕಿಡ್ನಿ, ಲಿವರ್ ತಗೊಳೋಕಾಗಲ್ಲ, ಕಣ್ಣು, ಚರ್ಮದಂಥವು ಮಾತ್ರ ಆಗುತ್ತೆ, ಕಣ್ಣಾದ್ರೆ ಸುಮಾರು 6 ಗಂಟೆಯೊಳಗೆ. ಅಳು, ಫೋನು, ಬಂದುಹೋಗೋ ನೆಂಟರ ಮಧ್ಯೆ ಯಾರಿಗೂ ನೆನಪಾಗಲಿಲ್ಲ. ತಲೆ ಮೇಲೆ ಫ್ಯಾನ್ ಜೋರಾಗಿ ತಿರುಗ್ತಾನೇ ಇತ್ತು. ಕಣ್ಣು ಒಣಗದ ಹಾಗೆ ಫ್ಯಾನ್ ಆರಿಸಬೇಕಿತ್ತು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕಿತ್ತು, ತಲೆ ಕೆಳಗೆ ದಿಂಬು ಇಡಬೇಕಿತ್ತು. ಐ ಬ್ಯಾಂಕ್ ನಂಬರ್ ಇವತ್ತೇ ಫ್ರಿಡ್ಜ್ ಮೇಲೆ ಅಂಟಿಸಿ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಗಡಿಯಾರದ ಮಾತು ಹೇಳಿದೆ. ‘ನನ್ನ ಗಾಜೂ ಗೀಚಿಹೋಗಿರುತ್ತೆ ಬಿಡು’ ಅಂದ್ರು. ಆದ್ರೆ ಈ ಸಲ ಎದ್ದು ಹೋಗಲಿಲ್ಲ.